ಅನುದಾನವು ದಾನವಲ್ಲ: ಉದ್ಯಾನ, ಅಡವಿ ಮತ್ತು ಸರ್ಕಾರಿ ಹಣ

‘ಅನುದಾನ’ ಎಂಬ ಪದದೊಳಗೆ ‘ದಾನ’ ಸೇರಿಕೊಂಡಿರುವುದರಿಂದಲೋ ಏನೋ, ಉದ್ಯಾನ, ಕೆರೆದಂಡೆ, ಅಡವಿಗಳಿಗೆಂದು ಸರ್ಕಾರ ಬಿಡುಗಡೆ ಮಾಡುವ ಹಣವನ್ನು ಮೇಲಿನಿಂದ ಬಂದ ಕೊಡುಗೆಯೆಂದೂ, ಬಂದ ಮೇಲೆ ಊರವರು ಇಚ್ಛೆಯಂತೆ ಖರ್ಚು ಮಾಡಬಹುದಾದ ಗಂಟೆಂದೂ ಭಾವಿಸುವುದು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳಲ್ಲಿ ಮಾತ್ರವಲ್ಲ, ನಾಡಿನೆಲ್ಲೆಡೆ ರೂಢಿಯಲ್ಲಿದೆ. ದಾನ ಕೊಟ್ಟವರು ಲೆಕ್ಕ ಕೇಳುವುದಿಲ್ಲ. ಅನುದಾನಕ್ಕಾದರೋ ಉದ್ದೇಶ, ಅವಧಿ, ಷರತ್ತುಗಳಿದ್ದು, ಹಣವು ಮಂಜೂರಾದ ಕೆಲಸಕ್ಕೇ ಹೋಗಿದೆಯೆಂದು ಲಿಖಿತವಾಗಿ ದೃಢಪಡಿಸುವ ‘ಹಣ ಬಳಕೆ ಪ್ರಮಾಣಪತ್ರ’ ಸಲ್ಲಿಕೆಯಾಗದಿದ್ದರೆ ಮುಂದಿನ ಕಂತು ತಡೆಹಿಡಿಯಲ್ಪಡಬಹುದು.

ಗ್ರಾಮ ಪಂಚಾಯಿತಿ ಮನಸ್ಸು ಮಾಡಿದರೆ ಹಣಕಾಸು ಆಯೋಗದ ಹಣದಲ್ಲೇ ಉದ್ಯಾನ ಕಟ್ಟಬಹುದೆಂಬುದು ಅರ್ಧಸತ್ಯ. 2021ರಿಂದ 2026ರವರೆಗಿನ ಅವಧಿಗೆ 15ನೇ ಹಣಕಾಸು ಆಯೋಗವು ಪಂಚಾಯಿತಿಗಳ ಮೂಲ ಅನುದಾನದಲ್ಲಿ ಶೇ 60ರಷ್ಟನ್ನು ‘ನಿರ್ಬಂಧಿತ’, ಅಂದರೆ ಗೊತ್ತುಪಡಿಸಿದ ಬಾಬತ್ತಿಗೇ ಕಟ್ಟುಬಿದ್ದ ಹಣವೆಂದು ನಿಗದಿಪಡಿಸಿ, ಅದರ ಅರ್ಧವನ್ನು ನೈರ್ಮಲ್ಯಕ್ಕೂ ಉಳಿದರ್ಧವನ್ನು ಕುಡಿಯುವ ನೀರು, ಮಳೆನೀರು ಸಂಗ್ರಹ ಹಾಗೂ ನೀರಿನ ಮರುಬಳಕೆಗೂ ಮೀಸಲಿಟ್ಟಿತು. ಏತ ನೀರಾವರಿ ಯೋಜನೆಯ ಹೆಸರಿನಲ್ಲಿ ದೂರದೂರಕ್ಕೂ ಪರಿಚಿತವಾಗಿರುವ ತುಬಚಿಯಂಥ ಊರಿನಲ್ಲಿ ಉದ್ಯಾನದ ಬೇಡಿಕೆ ಬಂದರೆ ಅದು ಆ ಅವಧಿಯಲ್ಲಿ ಉಳಿದ ಶೇ 40ರಲ್ಲಿ ರಸ್ತೆ, ಬೀದಿದೀಪಗಳೊಡನೆ ಪೈಪೋಟಿ ನಡೆಸಬೇಕಾಗುತ್ತಿತ್ತು, ಆ ಪೈಪೋಟಿಯಲ್ಲಿ ಗೆಲ್ಲುತ್ತಿದ್ದದ್ದು ಸಾಮಾನ್ಯವಾಗಿ ರಸ್ತೆಯೇ.

ಇದಕ್ಕಿಂತ ಆಳವಾಗಿ ಬೇರೂರಿರುವ ತಪ್ಪು ಕಲ್ಪನೆಯೆಂದರೆ ಸಂರಕ್ಷಣೆಯ ಹಣವೆಲ್ಲ ಸಸಿ ನೆಡುವುದಕ್ಕೆ, ಬೆಂಚು ಹಾಕುವುದಕ್ಕೆ, ನಡೆದಾಡುವ ದಾರಿ ಮಾಡುವುದಕ್ಕೆ ಎಂಬುದು. ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳಲ್ಲಿ ಹರಡಿರುವ, 96.36 ಚದರ ಕಿಲೋಮೀಟರ್ ವಿಸ್ತಾರದ ಯಡಹಳ್ಳಿ ಚಿಂಕಾರ ವನ್ಯಜೀವಿ ಧಾಮವನ್ನು ನೋಡಿದರೆ ಈ ಕಲ್ಪನೆ ಎಷ್ಟು ಅಪಾಯಕಾರಿ ಎಂಬುದು ತಿಳಿಯುತ್ತದೆ. ಚಿಂಕಾರವು ನಸುಗೆಂಪು ಬಣ್ಣದ ಸಣ್ಣ ಹುಲ್ಲೆ. ಗಂಡಿಗಷ್ಟೇ ಅಲ್ಲ, ಹೆಣ್ಣಿಗೂ ತೆಳ್ಳನೆಯ ಕೋಡುಗಳಿರುತ್ತವೆ. ಎಲೆಗಳಲ್ಲಿನ ಪಸೆಯಿಂದಲೇ ದಾಹ ನೀಗಿಕೊಂಡು ಅದು ಬಹುದಿನ ನೀರಿಲ್ಲದೆ ಇರಬಲ್ಲದು. ಅಪಾಯವನ್ನು ದೂರದಿಂದಲೇ ಕಂಡು ಓಡಿ ಪಾರಾಗುವ ಪ್ರಾಣಿಯಾದ್ದರಿಂದ ಅದಕ್ಕೆ ಬೇಕಾದದ್ದು ದಟ್ಟಡವಿಯಲ್ಲ, ಕಲ್ಲುಮಡ್ಡಿಯ ನಡುವೆ ಅಲ್ಲಲ್ಲಿ ಕುರುಚಲು ಗಿಡ, ಹುಲ್ಲು ಇರುವ ಬಯಲು. ಜನ ‘ಬರಡು’ ಎನ್ನುವ ನೆಲವೇ ಅದಕ್ಕೆ ಮನೆ. ಅಂಥ ನೆಲವನ್ನು ‘ಹಸಿರು’ ಮಾಡುವ ಉತ್ಸಾಹದಲ್ಲಿ ಒತ್ತೊತ್ತಾಗಿ ಮರ ಬೆಳೆಸಿದರೆ, ಸರ್ಕಾರದ ಹಣದಿಂದಲೇ ಪ್ರಾಣಿಯ ನೆಲೆ ಕಿತ್ತುಕೊಂಡಂತಾಗುತ್ತದೆ. ಬಳ್ಳಾರಿ ಜಾಲಿ ಹಬ್ಬಿದ ಬಯಲಿನಲ್ಲಿ ಗಿಡ ನೆಡುವುದಕ್ಕಿಂತ ಕೀಳುವುದೇ ಸಂರಕ್ಷಣೆ.

ವನ್ಯಜೀವಿ ಧಾಮವೆಂದು ಘೋಷಣೆಯಾದೊಡನೆ ಪ್ರವಾಸಿ ತಾಣಕ್ಕೆ ಹಣ ಹರಿದುಬರುತ್ತದೆಂಬ ನಿರೀಕ್ಷೆಯೂ ಇದರ ಬೆನ್ನಿಗಿದೆ. ಧಾಮಗಳಿಗೆ ಕೇಂದ್ರದ ‘ವನ್ಯಜೀವಿ ಆವಾಸಗಳ ಸಮಗ್ರ ಅಭಿವೃದ್ಧಿ’ ಯೋಜನೆಯಡಿ ಬರುವ ನೆರವನ್ನು ಕೇಂದ್ರ ಮತ್ತು ರಾಜ್ಯಗಳು 60:40ರ ಪ್ರಮಾಣದಲ್ಲಿ ಭರಿಸುತ್ತವೆ. ಆವಾಸದ ಸುಧಾರಣೆ, ಬೇಟೆ ತಡೆಯುವ ಗಸ್ತು, ಕಾಳ್ಗಿಚ್ಚು ಹರಡದಂತೆ ಹುಲ್ಲು ಸವರಿ ಪಟ್ಟಿಯಾಗಿ ಬಿಡುವ ‘ಬೆಂಕಿ ರೇಖೆ’ ಇಂಥವುಗಳಿಗೆ ಆ ಹಣ. ಧಾಮದಲ್ಲಿ ಕಾಣುವ ದಾರಿ ವಿಹಾರಕ್ಕೆಂದು ಮಾಡಿದ್ದಲ್ಲ, ಬಹುಮಟ್ಟಿಗೆ ಕಾವಲುಗಾರನ ದಾರಿ. ಧಾಮದೊಳಗೆ ಹೋಟೆಲು, ವಾಣಿಜ್ಯ ವಸತಿಗೃಹ ಕಟ್ಟುವುದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಪೂರ್ವಾನುಮತಿ ಬೇಕು.

‘ಕ್ಯಾಂಪಾ’ ಹೆಸರಿನ ನಿಧಿಯನ್ನು ಅರಣ್ಯ ಇಲಾಖೆಗೆ ತೆರಿಗೆದಾರರು ಕೊಡುವ ಹೆಚ್ಚುವರಿ ಭತ್ಯೆಯೆಂದು ತಿಳಿಯುವುದೂ ತಪ್ಪು. ಗಣಿ, ರಸ್ತೆ, ಕಾಲುವೆಗಳಿಗಾಗಿ ಅರಣ್ಯಭೂಮಿ ಪಡೆದ ಸಂಸ್ಥೆ, ಅದು ಸರ್ಕಾರಿ ನಿಗಮವೇ ಆಗಿರಲಿ, ಬದಲಿ ಅರಣ್ಯ ಬೆಳೆಸುವ ವೆಚ್ಚವನ್ನೂ, ಕಳೆದುಹೋದ ಕಾಡಿನಿಂದ ಮುಂದೆ ಸಿಗಬೇಕಾಗಿದ್ದ ನೆರಳು, ನೀರು, ಮಣ್ಣಿನ ರಕ್ಷಣೆಗಳಿಗೆ ಕಟ್ಟಿದ ಬೆಲೆಯಾದ ‘ನಿವ್ವಳ ಪ್ರಸ್ತುತ ಮೌಲ್ಯ’ವನ್ನೂ ತುಂಬಬೇಕು, ಹಾಗೆ ತುಂಬಿದ ಹಣವೇ ಈ ನಿಧಿ. 2016ರ ಪರಿಹಾರಾತ್ಮಕ ಅರಣ್ಯೀಕರಣ ನಿಧಿ ಕಾಯ್ದೆಯಂತೆ ಅದರಲ್ಲಿ ಶೇ 90 ರಾಜ್ಯಕ್ಕೆ, ಶೇ 10 ರಾಷ್ಟ್ರೀಯ ನಿಧಿಗೆ ಸೇರುತ್ತದೆ. ಖಾಯಂ ನೌಕರರ ಸಂಬಳಕ್ಕಾಗಲಿ ವಿದೇಶ ಪ್ರವಾಸಕ್ಕಾಗಲಿ ಅದನ್ನು ಬಳಸುವಂತಿಲ್ಲವೆಂದು 2018ರ ನಿಯಮಗಳು ಹೇಳುತ್ತವೆ. ಇದು ಅನುದಾನಕ್ಕಿಂತ ಹೆಚ್ಚಾಗಿ ದಂಡಕ್ಕೆ ಹತ್ತಿರವಾದ ಹಣ, ಕಾಡು ಹೋದದ್ದರ ರಸೀದಿ.

ಸರ್ಕಾರ ಕೊಡದೆ ಏನೂ ಆಗದು ಎಂಬ ಮಾತನ್ನು ಜಮಖಂಡಿ ಸೀಮೆಯಲ್ಲಿ ಆಡುವುದು ಮಾತ್ರ ವಿಚಿತ್ರ. ಕೃಷ್ಣಾ ತೀರದ ರೈತರು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ತಮ್ಮದೇ ದೇಣಿಗೆ, ಶ್ರಮಗಳಿಂದ ಚಿಕ್ಕಪಡಸಲಗಿಯಲ್ಲಿ ಬ್ಯಾರೇಜು ಕಟ್ಟಿ 1989ರಲ್ಲಿ ಮುಗಿಸಿದ್ದು, ಅದಕ್ಕೆ ‘ಶ್ರಮಬಿಂದು ಸಾಗರ’ ಎಂಬ ಹೆಸರು ಬಂದದ್ದು ಇದೇ ನೆಲದಲ್ಲಿ. ಅದಕ್ಕೆ ಎದುರಾಗಿ, ಸಂರಕ್ಷಣೆಯ ಹಣ ಸರ್ಕಾರಿ ಜಾಗಕ್ಕಷ್ಟೇ, ರೈತನಿಗೆ ಅದರಲ್ಲಿ ಪಾಲಿಲ್ಲವೆಂಬ ನಂಬಿಕೆಯೂ ಇದೆ. ಅರಣ್ಯ ಇಲಾಖೆಯು 2011-12ರಿಂದ ನಡೆಸುತ್ತಿರುವ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಕಬ್ಬಿನ ಹೊಲದ ಬದುವಿನ ಮೇಲೆ ಬೇವು, ಸಾಗುವಾನಿ, ಹೆಬ್ಬೇವು ಬೆಳೆಸಿದ ರೈತನಿಗೆ ಪ್ರೋತ್ಸಾಹಧನ ಸಿಗುತ್ತದೆ. ಪರಿಷ್ಕೃತ ದರದಂತೆ ಸಸಿಯೊಂದಕ್ಕೆ ಮೊದಲ ವರ್ಷ 35, ಎರಡನೆಯ ವರ್ಷ 40, ಮೂರನೆಯ ವರ್ಷ 50, ಒಟ್ಟು 125 ರೂಪಾಯಿ. ಬಿಸಿಲಿಗೆ ಒಣಗಿದ, ಮೇಕೆ ಮೇಯ್ದ ಸಸಿಗೆ ಏನೂ ಇಲ್ಲ. ಇಲಾಖೆಯವರು ಹೊಲಕ್ಕೆ ಬಂದು ಎಣಿಸುವುದು ನೆಟ್ಟ ಗುಂಡಿಗಳನ್ನಲ್ಲ, ಬದುಕಿ ನಿಂತ ಗಿಡಗಳನ್ನು. ಉತಾರ (ಪಹಣಿ) ಹಿಡಿದು ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಹೆಸರು ನೋಂದಾಯಿಸಿಕೊಂಡ ರೈತನಿಗೆ ಮಾತ್ರ ಈ ಎಣಿಕೆ ಅನ್ವಯಿಸುತ್ತದೆ.