ವ್ರತದ ದಿನಗಳಲ್ಲಿ ಹಿರಿಯರಿಗೆ ಗಾಬರಿ: ಸೋಡಿಯಂ ಕಡೆಗೂ ಗಮನವಿರಲಿ

ದಶಲಕ್ಷಣ ಪರ್ವದಲ್ಲಿ ಅನೇಕ ಶ್ರಾವಕ-ಶ್ರಾವಕಿಯರು ಉಪ್ಪು ಬಿಟ್ಟು ಏಕಾಶನ ಮಾಡುತ್ತಾರೆ. ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪು ಎಂಬ ರಸಗಳನ್ನು ಬಿಡುವ ರಸಪರಿತ್ಯಾಗ ಆರು ಬಾಹ್ಯ ತಪಗಳಲ್ಲಿ ಒಂದು. ಆರೋಗ್ಯವಂತರಿಗೆ ಇದರಿಂದ ತೊಂದರೆಯಾಗುವುದು ಅಪರೂಪ. ದೇಹದಲ್ಲಿರುವ ಸೋಡಿಯಂ ವ್ಯರ್ಥವಾಗದಂತೆ ಮೂತ್ರಪಿಂಡಗಳು ಉಳಿಸಿಕೊಳ್ಳುತ್ತವೆ. ಆದರೆ ವಯಸ್ಸಾದವರು, ಅದರಲ್ಲೂ ಕೆಲವು ಮಾತ್ರೆ ನುಂಗುವವರು, ಈ ದಿನಗಳಲ್ಲಿ ಚಡಪಡಿಸಿದರೆ ಅದನ್ನು ಬರೀ ಉಪವಾಸದ ಸುಸ್ತು ಎಂದು ಬಿಡಬಾರದು.

ಸೋಡಿಯಂ ಇಳಿದರೆ ಏನಾಗುತ್ತದೆ?

ಅಡುಗೆ ಉಪ್ಪಿನಲ್ಲಿ ಸುಮಾರು ಶೇ. 40ರಷ್ಟು ಸೋಡಿಯಂ ಇದೆ. ನರಗಳು ಕೆಲಸ ಮಾಡಲು ಇದು ಬೇಕೇ ಬೇಕು. ರಕ್ತದಲ್ಲಿ ಇದರ ಪ್ರಮಾಣ ಸಾಮಾನ್ಯವಾಗಿ 135ರಿಂದ 145 ಇರುತ್ತದೆ. 135ಕ್ಕಿಂತ ಕಡಿಮೆಯಾದರೆ ವೈದ್ಯರು ಅದನ್ನು ಹೈಪೋನೇಟ್ರೀಮಿಯಾ ಎನ್ನುತ್ತಾರೆ. ಆಗ ನೀರು ಮಿದುಳಿನ ಜೀವಕೋಶಗಳ ಒಳಗೆ ಸೇರಿ ಅವು ಊದಿಕೊಳ್ಳುತ್ತವೆ. ತಲೆನೋವು, ವಾಕರಿಕೆ, ಸಿಡುಕು, ಚಡಪಡಿಕೆ, ನಡೆಯುವಾಗ ತೂರಾಡುವುದು, ಮಾತಿನಲ್ಲಿ ಗೊಂದಲ ಕಾಣಿಸುತ್ತವೆ. ಪ್ರಮಾಣ ಬಹಳ ಇಳಿದರೆ ಅಥವಾ ಬೇಗನೆ ಇಳಿದರೆ ಫಿಟ್ಸ್ ಬರಬಹುದು, ಪ್ರಜ್ಞೆ ತಪ್ಪಬಹುದು.

ನಿರ್ಜಲ ಉಪವಾಸದಲ್ಲಿ ಇದಕ್ಕೆ ವಿರುದ್ಧ. ದೇಹದ ನೀರು ಕಡಿಮೆಯಾಗಿ ಸೋಡಿಯಂ ಏರಬಹುದು. ಆಗಲೂ ಚಡಪಡಿಕೆ, ಸಿಡುಕು ಬರುತ್ತವೆ. ಆದ್ದರಿಂದ ಲಕ್ಷಣ ನೋಡಿ ಊಹಿಸಲಾಗದು, ರಕ್ತಪರೀಕ್ಷೆಯೇ ಬೇಕು.

ಯಾರಿಗೆ ಅಪಾಯ ಹೆಚ್ಚು?

ಬಿಪಿಗೆ ಕೊಡುವ ಕೆಲವು ಮಾತ್ರೆಗಳಲ್ಲಿ ಹೈಡ್ರೋಕ್ಲೋರೋಥಯಜೈಡ್, ಕ್ಲೋರ್‌ಥಾಲಿಡೋನ್ ಅಥವಾ ಇಂಡಪಮೈಡ್ ಇರುತ್ತದೆ. ಇವು ಮೂತ್ರದ ಮೂಲಕ ಸೋಡಿಯಂ ಹೊರಹಾಕುತ್ತವೆ. ಆತಂಕ, ಖಿನ್ನತೆಗೆ ಕೊಡುವ ಎಸಿಟಲೋಪ್ರಾಮ್, ಸರ್ಟ್ರಲೀನ್‌ನಂಥ ಮಾತ್ರೆಗಳಿಂದಲೂ ವೃದ್ಧರಲ್ಲಿ ಸೋಡಿಯಂ ಇಳಿಯುವುದುಂಟು. ಹೀಗಾಗಿ ಗಾಬರಿಗೆಂದು ಮಾತ್ರೆ ಶುರುಮಾಡಿದ ಕೆಲವು ವಾರಗಳಲ್ಲಿ ಹೊಸದಾಗಿ ಗೊಂದಲ ಕಂಡರೆ ವೈದ್ಯರಿಗೆ ಹೇಳಲೇಬೇಕು. ವಾಂತಿ-ಭೇದಿ ಆದವರು, ಹೃದಯ, ಲಿವರ್, ಮೂತ್ರಪಿಂಡದ ಕಾಯಿಲೆ ಇರುವವರೂ ಎಚ್ಚರ ವಹಿಸಬೇಕು.

ಊಟ ಬಹಳ ಕಡಿಮೆ ಮಾಡಿ ಕಾಯಿಸಿದ ನೀರನ್ನು ಒಂದೇ ಸಲ ಅತಿಯಾಗಿ ಕುಡಿಯುವುದೂ ಒಳ್ಳೆಯದಲ್ಲ. ಆಹಾರದ ಉಪ್ಪು, ಪ್ರೋಟೀನ್ ಕಡಿಮೆಯಾದಾಗ ಹೆಚ್ಚಿನ ನೀರನ್ನು ಹೊರಹಾಕುವ ಮೂತ್ರಪಿಂಡದ ಶಕ್ತಿಯೂ ತಗ್ಗುತ್ತದೆ.

ಏನು ಮಾಡಬೇಕು?

ವ್ರತ ಹಿಡಿಯುವ ಮೊದಲೇ ಮಾತ್ರೆಗಳ ಚೀಟಿಯನ್ನು ವೈದ್ಯರಿಗೆ ತೋರಿಸಿ ಕೇಳಬೇಕು. ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ಎಲೆಕ್ಟ್ರೋಲೈಟ್ ಪರೀಕ್ಷೆ ಸಾಮಾನ್ಯ ಲ್ಯಾಬ್‌ಗಳಲ್ಲೂ ಆಗುತ್ತದೆ.

ಗಾಬರಿ ಕಂಡ ಕೂಡಲೇ ಉಪ್ಪುನೀರು ಕುಡಿಸುವುದು ಪರಿಹಾರವಲ್ಲ. ಬಿಪಿ ಇರುವವರಿಗೆ ಅದು ಕೇಡು. ಆಸ್ಪತ್ರೆಯಲ್ಲಿ ಸಹ ಇಳಿದ ಸೋಡಿಯಂ ಅನ್ನು ನಿಧಾನವಾಗಿಯೇ ಏರಿಸುತ್ತಾರೆ, ಅವಸರ ಮಾಡಿದರೆ ಮಿದುಳಿಗೆ ಹಾನಿ. ಸೈಂಧವ ಲವಣವೂ ಬಹುಪಾಲು ಸೋಡಿಯಂ ಕ್ಲೋರೈಡೇ, ಅದು ಬೇರೆ ವಸ್ತುವಲ್ಲ. ದಿನನಿತ್ಯದಲ್ಲಿ ವಯಸ್ಕರಿಗೆ ಒಟ್ಟು ಉಪ್ಪು 5 ಗ್ರಾಂ ಒಳಗಿರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಎಲ್ಲ ಆತಂಕಕ್ಕೂ ಸೋಡಿಯಂ ಕಾರಣವಲ್ಲ. ಆದರೆ ನಿನ್ನೆಯವರೆಗೆ ಸರಿಯಾಗಿ ಸ್ತೋತ್ರ ಹೇಳುತ್ತಿದ್ದ ಅಜ್ಜಿ ಇಂದು ತಡವರಿಸಿದರೆ, ಮನೆಯವರನ್ನೇ ಗುರುತಿಸದಿದ್ದರೆ, ಪಾರಣೆಯವರೆಗೆ ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಯಥಾಶಕ್ತಿ ತಪ ಎಂಬುದೇ ನಮ್ಮ ಹಿರಿಯರು ನಡೆಸಿಕೊಂಡು ಬಂದ ಕ್ರಮ.