ಶಿವಮೊಗ್ಗದ ಗೋಡೆಯ ಮೇಲೆ ಸದಾ ಬಿರುಗಾಳಿ

ಗಾಂಧಿ ಬಜಾರಿನ ಗಡಿಯಾರ ರಿಪೇರಿ ಅಂಗಡಿಯೊಂದರ ಗೋಡೆಯಲ್ಲಿ ಗಾಳಿಯ ಒತ್ತಡ ಅಳೆಯುವ ಹಳೆಯ ಹಿತ್ತಾಳೆ ಬ್ಯಾರೋಮೀಟರ್ ತೂಗುಹಾಕಿದ್ದರು. ಹೊರಗೆ ಏಪ್ರಿಲ್ ಬಿಸಿಲು, ಎಲೆ ಅಲುಗದಂಥ ಮಧ್ಯಾಹ್ನ. ಮುಳ್ಳು ಮಾತ್ರ 28 ಅಂಗುಲದ ಪಕ್ಕ, ‘ಸ್ಟಾರ್ಮಿ’ ಎಂಬ ಬರಹದ ಮೇಲೆ ಕೂತಿತ್ತು.

‘ಕೆಟ್ಟೋಗಿದೆ ಸಾರ್, ಯಾವಾಗ ನೋಡಿದ್ರೂ ಬಿರುಗಾಳಿ ಅನ್ನುತ್ತೆ’ ಎಂದರು ಅಂಗಡಿಯವರು.

ಕೆಟ್ಟಿರಲಿಲ್ಲ. ಡಯಲಿನ ಆ ಬರಹಗಳೆಲ್ಲ ಸಮುದ್ರ ಮಟ್ಟದ ಊರುಗಳಿಗೆ ಹೊಂದುವಂಥವು. ಅಲ್ಲಿ ಸಾಮಾನ್ಯ ಒತ್ತಡ ಪಾದರಸದ ಲೆಕ್ಕದಲ್ಲಿ 30 ಅಂಗುಲದ ಆಸುಪಾಸು; 28ಕ್ಕೆ ಕುಸಿಯಬೇಕಾದರೆ ಭೀಕರ ಚಂಡಮಾರುತವೇ ಬರಬೇಕು. ಶಿವಮೊಗ್ಗ ಇರುವುದು ಸುಮಾರು 570 ಮೀಟರ್ ಎತ್ತರದಲ್ಲಿ. ಅಷ್ಟು ಗಾಳಿ ನಮ್ಮ ಕಾಲ ಕೆಳಗೇ ಉಳಿದುಬಿಟ್ಟಿದೆ, ತಲೆಯ ಮೇಲಿನ ಭಾರ ಅಷ್ಟು ಕಡಿಮೆ. ಹಾಗಾಗಿ ಇಲ್ಲಿ 28 ಎಂದರೆ ನೆಮ್ಮದಿಯ ದಿನ. ಹಿಂಬದಿಯ ಸ್ಕ್ರೂ ತಿರುಗಿಸಿ ಊರಿಗೆ ಹೊಂದಿಸಿಕೊಳ್ಳಬೇಕು. ಇದನ್ನು ಯಾರೂ ತಿರುಗಿಸಿದಂತಿಲ್ಲ.

ಟಾರಿಚೆಲ್ಲಿಯ ಪಾದರಸದ ಬ್ಯಾರೋಮೀಟರ್, 1648ರಲ್ಲಿ ಪಾಸ್ಕಲ್ ತನ್ನ ಭಾವನನ್ನು ಬೆಟ್ಟ ಹತ್ತಿಸಿ ಒತ್ತಡ ಅಳೆಸಿದ್ದು, ಇವೆಲ್ಲ ಶಾಲೆಯಲ್ಲಿ ಓದಿದ್ದೇ. ಈ ಪೆಟ್ಟಿಗೆಯಲ್ಲಿ ಪಾದರಸವಿಲ್ಲ. ಗಾಳಿ ತೆಗೆದ ತೆಳು ಲೋಹದ ಡಬ್ಬಿಯೊಂದು ಒಳಗಿದೆ; ಅದು ಹಿಗ್ಗಿ ಕುಗ್ಗಿದಂತೆ ಮುಳ್ಳು ಸರಿಯುತ್ತದೆ. ಫ್ರಾನ್ಸಿನ ಲೂಸಿಯಾನ್ ವಿದಿ 1840ರ ದಶಕದಲ್ಲಿ ಮಾಡಿದ ಈ ಉಪಾಯ ನನಗೆ ಪಾದರಸಕ್ಕಿಂತ ಇಷ್ಟ.

ಅದನ್ನು ಬಸ್ಸಿನಲ್ಲಿ ಭದ್ರಾವತಿಗೆ ಒಯ್ದರೆ? ಅಲ್ಲಿನ ಎತ್ತರ ಸುಮಾರು 600 ಮೀಟರ್. ನಮ್ಮ ಕಡೆ 9 ಮೀಟರಿಗಿಂತ ತುಸು ಹೆಚ್ಚು ಏರಿದರೆ ಒತ್ತಡ ಒಂದು ಹೆಕ್ಟೊಪಾಸ್ಕಲ್ (ಒತ್ತಡದ ಇನ್ನೊಂದು ಅಳತೆ) ಇಳಿಯುತ್ತದೆ. ಅಂದರೆ ಭದ್ರಾವತಿಗೆ ಮೂರರಷ್ಟು ಇಳಿತ. ಸ್ವಾರಸ್ಯ ಇರುವುದು ಇಲ್ಲಿ: ಹವೆ ನೆಟ್ಟಗಿರುವ ದಿನವೂ ಬೆಳಿಗ್ಗೆ 10ರ ಸುಮಾರಿಗೆ ಒತ್ತಡ ಏರಿ, ಸಂಜೆ 4ರ ಹೊತ್ತಿಗೆ ಮೂರು-ನಾಲ್ಕು ಹೆಕ್ಟೊಪಾಸ್ಕಲ್ ಇಳಿಯುತ್ತದೆ. ಮೇಲಿನ ವಾತಾವರಣವನ್ನು ಸೂರ್ಯ ಕಾಯಿಸುವುದರಿಂದ ಏಳುವ ಗಾಳಿಯ ಉಬ್ಬರವಿಳಿತ ಅದು, ಉಷ್ಣವಲಯದಲ್ಲಿ ಜೋರು. ಗೋಡೆಯ ಮೇಲೆ ಅಲುಗದೆ ಕೂತ ಉಪಕರಣ ಟಿಕೆಟ್ಟಿಲ್ಲದೆ ದಿನವೂ ಭದ್ರಾವತಿಗೆ ಹೋಗಿ ಬರುತ್ತದೆ!

ಭದ್ರಾವತಿ ಕಬ್ಬಿಣ ಕಾರ್ಖಾನೆಗೆ ಅದಿರು ಕಳಿಸುತ್ತಿದ್ದ ಕೆಮ್ಮಣ್ಣುಗುಂಡಿಗೆ ಒಯ್ದರೆ ಮಾತ್ರ ಗೊಂದಲವಿಲ್ಲ. 1434 ಮೀಟರ್, ಮುಳ್ಳು 25ರ ಚಿಲ್ಲರೆಗೆ ಇಳಿಯಬೇಕು. ಈ ಡಯಲಿನಲ್ಲಿ 26ರ ಕೆಳಗೆ ಅಂಕಿಯೇ ಇಲ್ಲ.

ಕೆಲವು ಫೋನುಗಳಲ್ಲೂ ಇದೇ ಕೆಲಸದ ಚಿಪ್ ಇದೆ, ಅದನ್ನು ನೆಚ್ಚಿ ಎತ್ತರ ಹೇಳುವ ಆ್ಯಪ್‌ಗಳೂ ಇವೆ. ನನಗೆ ಅಷ್ಟು ನಂಬಿಕೆಯಿಲ್ಲ. ಕೊಡಚಾದ್ರಿಯ ತುದಿಯಲ್ಲಿ ಇಪ್ಪತ್ತು-ಮೂವತ್ತು ಮೀಟರಿಗಾಗಿ ಜಗಳಕ್ಕೆ ಬೀಳುವ ಚಾರಣಿಗರು, ಯಾರು ಎಷ್ಟು ಹೊತ್ತಿಗೆ ನೋಡಿದ್ದು ಎಂದು ಮೊದಲು ಕೇಳಿಕೊಳ್ಳಲಿ.