ಕತ್ತಲೆಯೇ ಶುಭವಾರ್ತೆ

ನಂಜನಗೂಡಿಗೂ ತಿರುಮಕೂಡಲು ನರಸೀಪುರಕ್ಕೂ ನಡುವಣ ಬಿಳಿಗೆರೆಯ ಸೀಮೆಯಲ್ಲಿ ಹಿರಿಯರನ್ನು ಮಾತಿಗೆಳೆದರೆ, ಹುಚ್ಚುನಾಯಿ ಕಚ್ಚಿದವರಿಗೆ ಹೊಕ್ಕುಳ ಸುತ್ತ 14 ಸೂಜಿ ಚುಚ್ಚುತ್ತಿದ್ದ ಕಾಲದ ನೆನಪು ಇಂದಿಗೂ ಮೈನಡುಕದೊಡನೆಯೇ ಹೊರಬರುವುದು. ಕುರಿಯ ಮೆದುಳಿನಿಂದ ಸಿದ್ಧವಾಗುತ್ತಿದ್ದ ಆ ಲಸಿಕೆ 2004ರ ಅಂತ್ಯಕ್ಕೆ ನಮ್ಮ ದೇಶದಲ್ಲಿ ನಿಂತುಹೋಯಿತು. 2006ರಲ್ಲಿ ಮನ್ನಣೆ ಪಡೆದ ಕ್ರಮದಂತೆ, ಆಧುನಿಕ ಲಸಿಕೆಯನ್ನು ತೋಳಿನ ಚರ್ಮದ ಪದರದೊಳಕ್ಕೆ ಎರಡು ಕಡೆ, ಒಂದೊಂದು ಕಡೆಗೆ ಕೇವಲ 0.1 ಮಿಲಿಲೀಟರಿನಂತೆ ಕೊಟ್ಟರೆ ಸಾಕು. ಇಷ್ಟು ಅಲ್ಪವಾದ ಮದ್ದು ರಕ್ತದಲ್ಲಿ ರಕ್ಷಣೆಯನ್ನು ಎಬ್ಬಿಸಿತೆಂದು ನಿಶ್ಚಯಿಸುವ ಬಗೆ ಹೇಗೆ?

ಅದಕ್ಕೆ ಸಾಕ್ಷಿ ಬೆಳಕು. ಶರೀರವು ರೋಗಾಣುವಿನ ವಿರುದ್ಧ ರಚಿಸುವ ಪ್ರತಿಕಾಯಕ್ಕೆ ಹೊಳೆಯುವ ಬಣ್ಣವನ್ನು ಅಂಟಿಸಬಹುದೆಂದು ಅಮೆರಿಕದ ಆಲ್ಬರ್ಟ್ ಕೂನ್ಸ್ 1941ರಲ್ಲಿ ತೋರಿಸಿಕೊಟ್ಟರು. ಪ್ರತಿಕಾಯವು ತನ್ನ ವೈರಿಯನ್ನು ಅರಸಿ ಹಿಡಿಯುವುದು. ನೀಲಿ ಬೆಳಕು ಬಿದ್ದೊಡನೆ ಬಣ್ಣವು ಹಸುರಾಗಿ ಬೆಳಗಿ ಆ ವೈರಿಯ ಅಡಗುದಾಣವನ್ನು ಹೊರಗೆಡಹುವುದು. ಈ ತತ್ತ್ವವನ್ನೇ ಆಧರಿಸಿ 1973ರಲ್ಲಿ ರೂಪುಗೊಂಡ, ಹುಚ್ಚುನಾಯಿ ರೋಗದ ಎಂದರೆ ರೇಬೀಸಿನ ಪ್ರತಿಕಾಯದ ಪರೀಕ್ಷೆಯನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈರಾಣು ಪ್ರಯೋಗಾಲಯ ನಡೆಸುತ್ತ ಬಂದಿದೆ.

ಲಸಿಕೆ ಪಡೆದವನ ರಕ್ತಸಾರವನ್ನು ಹಂತಹಂತವಾಗಿ ತೆಳುಮಾಡಿ, ಜೀವಂತ ವೈರಾಣುವಿನೊಡನೆ ಬೆರೆಸಿ, 37 ಡಿಗ್ರಿ ಶಾಖದಲ್ಲಿ ಸುಮಾರು 90 ನಿಮಿಷ ಇರಿಸಿ, ಬಳಿಕ ಅದಕ್ಕೆ ಜೀವಕೋಶಗಳನ್ನು ಕೂಡಿಸಿ, ಒಂದು ದಿನ ಕಳೆದ ಮೇಲೆ ಬಣ್ಣದ ಪ್ರತಿಕಾಯವನ್ನು ಹಾಕಿ, ಕತ್ತಲ ಕೋಣೆಯಲ್ಲಿ ಸೂಕ್ಷ್ಮದರ್ಶಕದೊಳಗೆ ಇಣಿಕಿದರೆ ಕಾಣುವ ಒಂದೊಂದು ಹಸುರು ಚುಕ್ಕೆಯೂ ವೈರಾಣುವಿಗೆ ಸೋತ ಕೋಶ. ಲಸಿಕೆ ಫಲಿಸಿದ್ದರೆ ವೈರಾಣು ಕೋಶವನ್ನು ಹೊಗುವ ಮುನ್ನವೇ ಸೆರೆಸಿಕ್ಕಿರುವುದರಿಂದ ಕಣ್ಣೆದುರು ಬರಿಯ ಕತ್ತಲೆ. ಬೆಳಕನ್ನೇ ಶುಭವೆಂದು ಎಣಿಸುವ ನಮಗೆ ಇಲ್ಲಿ ಕತ್ತಲೆಯೇ ಅಭಯವನ್ನು ನೀಡುತ್ತದೆ.

ಎಷ್ಟು ತೆಳುಮಾಡುವವರೆಗೆ ಈ ಕತ್ತಲೆ ಉಳಿಯಿತೆಂಬುದರಿಂದ ಪ್ರತಿಕಾಯದ ಬಲವನ್ನು ಅಳೆಯುವರು. ಮಿಲಿಲೀಟರಿಗೆ 0.5 ಅಂತರರಾಷ್ಟ್ರೀಯ ಮಾನವಿದ್ದರೆ ಲಸಿಕೆ ಸಮರ್ಪಕವಾಗಿ ಫಲಿಸಿತೆಂದು ವಿಶ್ವ ಆರೋಗ್ಯ ಸಂಸ್ಥೆಯ ಎಣಿಕೆ. ಕಡಮೆ ಮದ್ದೂ ಸಾಕೆಂಬ ಧೈರ್ಯ ವೈದ್ಯಲೋಕಕ್ಕೆ ಬಂದುದು ಇಂಥ ಅಳತೆಗಳಿಂದ. ಅದರ ಫಲವಾಗಿ ಒಂದು ಸೀಸೆಯ ಲಸಿಕೆ ಹೆಚ್ಚು ಬಡವರಿಗೆ ಎಟುಕುವಂತಾಯಿತು.

ಆದರೆ ಆ ಕತ್ತಲೆಯನ್ನು ಗಳಿಸುವ ಕಾರ್ಯ ಆರಂಭವಾಗುವುದು ನಮ್ಮ ಹಿತ್ತಿಲ ನಲ್ಲಿಯ ಬಳಿ. ಕಚ್ಚಿದ ಗಾಯಕ್ಕೆ ಸುಣ್ಣ, ಅರಿಸಿನ ಬಳಿಯದೆ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ, ಗಾಯ ಮಾಯಿತೆಂದು ನಡುವೆ ಬಿಡದೆ, ವೈದ್ಯರು ಹೇಳಿದ ಕೊನೆಯ ಸೂಜಿಯವರೆಗೂ ಹಾಕಿಸಿಕೊಳ್ಳತಕ್ಕದ್ದು.